ಭರಣಿ ಮಳೆ ವಾರ: ಮಂಡ್ಯ, ಮೈಸೂರು ಕಡೆ ಮುಂದಿನ ಏಳು ದಿನ ಹೇಗೆ? ಭತ್ತ, ಬಾಳೆ, ರೇಷ್ಮೆ ಹುಳು ಇರುವವರು ದಯವಿಟ್ಟು ಓದಿ

ಮಳೆಅಳತೆ_ಶ್ರೀರಂಗಪಟ್ಟಣ (ಸೋಮವಾರ, ಬೆಳಿಗ್ಗೆ)

ಎಲ್ಲರಿಗೂ ನಮಸ್ಕಾರ. ನಿನ್ನೆ ಮಧ್ಯಾಹ್ನ ನಮ್ಮ ಹಿತ್ತಲಲ್ಲಿ 38 ಡಿಗ್ರಿ ಇತ್ತು. ರಾತ್ರಿ ಹತ್ತಾದರೂ ಗೋಡೆ ಮುಟ್ಟಿದರೆ ಬೆಚ್ಚಗೆ. ಅಶ್ವಿನಿ ಮಳೆ ನಮ್ಮಲ್ಲಿ ಒಂದು ಹನಿಯೂ ಬೀಳದೆ ಹೋಯಿತು, ಈಗ ಭರಣಿ (ಏಪ್ರಿಲ್ ಕೊನೆಯಿಂದ ಮೇ ಎರಡನೇ ವಾರದವರೆಗಿನ ಮಳೆ ನಕ್ಷತ್ರ) ಶುರುವಾಗಿದೆ. ಭರಣಿ ಬಂದರೆ ಧರಣಿ ಬೆಳೆ ಅಂತ ಹಿರಿಯರು ಹೇಳುತ್ತಿದ್ದರು, ಅದಕ್ಕೇ ಎಲ್ಲರ ಕಣ್ಣೂ ಮೋಡದ ಮೇಲೆ.

ನನ್ನ ಲೆಕ್ಕದಲ್ಲಿ ಈ ವಾರ ಹೀಗಿರಬಹುದು. ಇವತ್ತಿನಿಂದ ಬುಧವಾರದವರೆಗೆ ಒಣ ಬಿಸಿಲು, ಮಂಡ್ಯ ಮದ್ದೂರು ಕಡೆ 37 ರಿಂದ 39, ಮೈಸೂರು ಒಂದು ಡಿಗ್ರಿ ಕಡಿಮೆ. ಗುರುವಾರದಿಂದ ಗಾಳಿಯಲ್ಲಿ ತೇವ ಜಾಸ್ತಿಯಾಗುತ್ತದೆ. ಗುರುವಾರ, ಶುಕ್ರವಾರ, ಶನಿವಾರ ಮಧ್ಯಾಹ್ನ ಮೂರರ ಮೇಲೆ ಗುಡುಗು ಮಳೆ, ಒಂದೆರಡು ಕಡೆ ಬಿರುಗಾಳಿ, ಆಲಿಕಲ್ಲೂ ಬೀಳಬಹುದು. ಭಾನುವಾರ ಮತ್ತೆ ಸ್ವಲ್ಪ ಕಡಿಮೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. "ನಮ್ಮೂರಿಗೆ ಮಳೆ ಬರುತ್ತಾ" ಅಂತ ಕೇಳಿದರೆ ಈ ಕಾಲದಲ್ಲಿ ಯಾರಿಗೂ ಖಚಿತವಾಗಿ ಹೇಳಲು ಆಗುವುದಿಲ್ಲ. ಯಾವ ದಿನ ಮಳೆಯ ವಾತಾವರಣ ಇದೆ ಅಂತ ಹೇಳಬಹುದು, ಯಾವ ಹೊಲಕ್ಕೆ ಅಂತ ಹೇಳಲಾಗದು. ಆದ್ದರಿಂದ ಮಳೆ ನಂಬಿ ಕೆಲಸ ಇಟ್ಟುಕೊಳ್ಳಬೇಡಿ, ಗಾಳಿ ಸಿಡಿಲಿಗೆ ಹೆದರಿ ಕೆಲಸ ಇಟ್ಟುಕೊಳ್ಳಿ. ಭತ್ತ ಕೊಯ್ಯುವುದು, ಒಣಗಿಸುವುದು ಏನಿದ್ದರೂ ಬುಧವಾರ ಸಂಜೆಯೊಳಗೆ ಮುಗಿಸಿ ಅನ್ನುವುದು ನನ್ನ ಸಲಹೆ.

ರಾಗಿಹೊಲ_ನಾಗಮಂಗಲ

ಅಣ್ಣ, ಹವಾಮಾನ ಇಲಾಖೆಯವರು "ದಕ್ಷಿಣ ಒಳನಾಡಿನ ಒಂದೆರಡು ಕಡೆ ಮಳೆ" ಅಂತ ಹೇಳುತ್ತಾರೆ. ಯಾವಾಗ ನೋಡಿದರೂ ಇದೇ ಮಾತು. ನಮಗೆ ಬರಲ್ಲ, ಪಕ್ಕದ ತಾಲ್ಲೂಕಿಗೆ ಬರುತ್ತದೆ. ಇದರ ಅರ್ಥ ಏನು ಅಂತ ಬಿಡಿಸಿ ಹೇಳಿ.

ಮಳೆಅಳತೆ_ಶ್ರೀರಂಗಪಟ್ಟಣ

ಒಳ್ಳೆ ಪ್ರಶ್ನೆ. ಅದು ಬಾಯಿಗೆ ಬಂದ ಮಾತಲ್ಲ, ಅದಕ್ಕೆ ಲೆಕ್ಕ ಇದೆ. ಒಂದೆರಡು ಕಡೆ ಅಂದರೆ ಆ ಭಾಗದಲ್ಲಿರುವ ಮಳೆ ಮಾಪಕಗಳಲ್ಲಿ ನೂರಕ್ಕೆ 25 ರವರೆಗೆ ಮಾತ್ರ ಮಳೆ ಸಿಗುತ್ತದೆ. ಕೆಲವು ಕಡೆ ಅಂದರೆ 26 ರಿಂದ 50. ಹಲವು ಕಡೆ ಅಂದರೆ 51 ರಿಂದ 75. ಬಹುತೇಕ ಎಲ್ಲ ಕಡೆ ಅಂದರೆ 76 ರ ಮೇಲೆ. ಅಂದರೆ "ಒಂದೆರಡು ಕಡೆ" ಅಂತ ಇದ್ದ ದಿನ ನಾಲ್ಕು ಊರಲ್ಲಿ ಮೂರು ಊರು ಒಣಗೇ ಇರುತ್ತವೆ. ನಿಮಗೆ ಬರಲಿಲ್ಲ ಅಂದರೆ ಮುನ್ಸೂಚನೆ ಸುಳ್ಳಾಯಿತು ಅಂತಲ್ಲ.

ಮಳೆಯ ಪ್ರಮಾಣಕ್ಕೂ ಹಾಗೇ. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಮಾತ್ರ "ಭಾರಿ ಮಳೆ". ನಾವು ಭಾರಿ ಮಳೆ ಅನ್ನುವುದು ಎಷ್ಟೋ ಸಲ ಅವರ ಲೆಕ್ಕದಲ್ಲಿ ಸಾಧಾರಣ. ಇನ್ನೊಂದು ವಿಷಯ, ಅವರ ದಿನ ಬೆಳಿಗ್ಗೆ 8:30 ಕ್ಕೆ ಮುಗಿಯುತ್ತದೆ. ಇವತ್ತಿನ ವರದಿಯಲ್ಲಿರುವುದು ನಿನ್ನೆ 8:30 ರಿಂದ ಇವತ್ತು 8:30 ರವರೆಗೆ ಬಿದ್ದ ನೀರು. ನಿನ್ನೆ ಸಂಜೆ ಸುರಿದದ್ದು ಇವತ್ತಿನ ಪಟ್ಟಿಯಲ್ಲಿ ಬರುತ್ತದೆ. ಇದು ತಿಳಿಯದೆ ಜನ ಸುಮ್ನೆ ಜಗಳ ಆಡುತ್ತಾರೆ.

ಕುವೆಂಪುನಗರ_ಅಮ್ಮ

ನನ್ನ ಫೋನಿನಲ್ಲಿ ಭಾನುವಾರಕ್ಕೆ ನೂರಕ್ಕೆ 40 ಮಳೆ ಅಂತ ತೋರಿಸುತ್ತಿದೆ, ಮಗನ ಫೋನಿನಲ್ಲಿ 70. ಭಾನುವಾರ ಸಂಜೆ ತಂಗಿ ಮಗಳ ಆರತಕ್ಷತೆ, ಬಯಲಲ್ಲಿ ಶಾಮಿಯಾನ ಹಾಕಿಸಿದ್ದೇವೆ. ಯಾವುದನ್ನು ನಂಬಬೇಕು?

ಓದುವಹುಡುಗ_ಮೈಸೂರು

ಅಮ್ಮ, ನಾನು ಭೂಗೋಳ ಓದುತ್ತಿದ್ದೇನೆ, ತಿಳಿದಷ್ಟು ಹೇಳುತ್ತೇನೆ. ನೂರಕ್ಕೆ 40 ಅಂದರೆ ದಿನದಲ್ಲಿ 40 ಭಾಗ ಮಳೆ ಅಂತಲ್ಲ. ಇಂಥದೇ ಹತ್ತು ದಿನ ಬಂದರೆ ಅದರಲ್ಲಿ ನಾಲ್ಕು ದಿನ ಆ ಜಾಗದಲ್ಲಿ ಮಳೆ ಆಗುತ್ತದೆ ಅಂತ. ಎರಡು ಆಪ್ ಬೇರೆ ಬೇರೆ ಲೆಕ್ಕದ ಮಾದರಿ ಬಳಸುತ್ತವೆ, ಅದಕ್ಕೇ ವ್ಯತ್ಯಾಸ. ಈ ಮಾದರಿಗಳು ಭೂಮಿಯನ್ನು ಚೌಕ ಚೌಕ ಮಾಡಿ ಲೆಕ್ಕ ಹಾಕುತ್ತವೆ. ನಮ್ಮ ದೇಶದವರು 2025 ರ ಮೇ ತಿಂಗಳಲ್ಲಿ ಶುರು ಮಾಡಿದ ಭಾರತ್ ಫೋರ್‌ಕಾಸ್ಟ್ ಸಿಸ್ಟಂನಲ್ಲಿ ಒಂದು ಚೌಕ 6 ಕಿಲೋಮೀಟರ್. ಅದಕ್ಕಿಂತ ಮೊದಲಿನದು 12. ಬೇಸಿಗೆಯ ಗುಡುಗು ಮೋಡ ಎಷ್ಟೋ ಸಲ ಒಂದು ಚೌಕಕ್ಕಿಂತ ಚಿಕ್ಕದು, ಒಂದು ಗಂಟೆಯಲ್ಲಿ ಹುಟ್ಟಿ ಸುರಿದು ಮುಗಿದೇ ಹೋಗುತ್ತದೆ. ಅದನ್ನು ಐದು ದಿನ ಮುಂಚೆ ನಿಮ್ಮ ಬೀದಿಗೆ ಬರುತ್ತದೆ ಅಂತ ಹೇಳುವುದು ಯಾವ ಕಂಪ್ಯೂಟರಿಗೂ ಕಷ್ಟ.

ಆರತಕ್ಷತೆಗೆ ಶುಕ್ರವಾರ ಸಂಜೆ ಮತ್ತೆ ನೋಡಿ, ಭಾನುವಾರ ಬೆಳಿಗ್ಗೆ ಇನ್ನೊಮ್ಮೆ ನೋಡಿ. ಹತ್ತಿರ ಬಂದ ಹಾಗೆ ಲೆಕ್ಕ ಸರಿಯಾಗುತ್ತದೆ.

ಕುವೆಂಪುನಗರ_ಅಮ್ಮ

ಥ್ಯಾಂಕ್ಸ್ ಮಗು. ಊಟದ ಜಾಗ ಮಾತ್ರ ಒಳಗೆ ಮಾಡಿಸೋಣ ಅಂತ ಮನೆಯವರಿಗೆ ಹೇಳಿದ್ದೇನೆ.

ಮಳೆಅಳತೆ_ಶ್ರೀರಂಗಪಟ್ಟಣ

ಅಕ್ಕ, ಅದು ಒಳ್ಳೆ ಯೋಚನೆ. ಶಾಮಿಯಾನದವರಿಗೆ ಹಗ್ಗ, ಗೂಟ ಗಟ್ಟಿಯಾಗಿ ಬಿಗಿಯಲು ಹೇಳಿ. ಮಳೆಗಿಂತ ಮೊದಲು ಬರುವ ಗಾಳಿಯೇ ಹೆಚ್ಚು ಅಪಾಯ. ಮೋಡದ ಒಳಗಿಂದ ತಂಪು ಗಾಳಿ ನೆಲಕ್ಕೆ ಬಂದು ಬಡಿದು ಸುತ್ತಲೂ ಹರಡುತ್ತದೆ. ಬಿಸಿಲಲ್ಲಿ ಇದ್ದಕ್ಕಿದ್ದ ಹಾಗೆ ತಣ್ಣನೆ ಗಾಳಿ, ಧೂಳು ಎದ್ದರೆ ಜನರನ್ನು ಶಾಮಿಯಾನದಿಂದ ಆಚೆ ಕರೆದು ಕಟ್ಟಡದೊಳಗೆ ಸೇರಿಸಿ.

ಬಾಳೆತೋಟ_ಮದ್ದೂರು (ಸೋಮವಾರ, ರಾತ್ರಿ)

ನನ್ನದು ಒಂದೂವರೆ ಎಕರೆ ಏಲಕ್ಕಿ ಬಾಳೆ, ಗೊನೆ ಬಿಟ್ಟಿದೆ. ಎರಡು ವರ್ಷದ ಹಿಂದೆ ಇದೇ ಭರಣಿಯಲ್ಲಿ ಹತ್ತು ನಿಮಿಷದ ಗಾಳಿಗೆ ಅರ್ಧ ತೋಟ ಮಲಗಿತು. ಮಳೆ ಬಿದ್ದದ್ದು ನಾಲ್ಕು ಹನಿ. ಆ ದಿನ ಬೆಳಿಗ್ಗೆ ತಾನೇ ನೀರು ಹಾಯಿಸಿದ್ದೆ, ನೆಲ ಮೆತ್ತಗಾಗಿತ್ತು, ಬುಡ ಸಮೇತ ಕಿತ್ತು ಬಂತು. ನೀರು ಕೊಡದೆ ಇದ್ದ ಪಕ್ಕದ ಸಾಲು ನಿಂತಿತ್ತು. ಅದು ಈಗಲೂ ಕಣ್ಣ ಮುಂದೆ ಇದೆ. ಈ ಸಲ ಏನು ಮಾಡಲಿ?

ಕಬ್ಬು_ಪಾಂಡವಪುರ

ನಾಳೆ ಅಥವಾ ನಾಡಿದ್ದೇ ನೀರು ಕೊಟ್ಟುಬಿಡಿ ಅಣ್ಣ, ಗುರುವಾರದಿಂದ ನಿಲ್ಲಿಸಿ. ಗೊನೆ ಇರುವ ಗಿಡಕ್ಕೆ ಎರಡು ಗೂಟ ಕತ್ತರಿ ಹಾಕಿ ಊರಿ, ಗಾಳಿ ಬರುವ ದಿಕ್ಕಿಗೆ ಎದುರಾಗಿ ಹಗ್ಗ ಎಳೆದು ಕಟ್ಟಿ. ಎಲ್ಲ ಗಿಡಕ್ಕೂ ಆಗದಿದ್ದರೆ ತೋಟದ ಅಂಚಿನ ಎರಡು ಸಾಲಿಗಾದರೂ ಮಾಡಿ, ಹೊಡೆತ ಮೊದಲು ಬೀಳುವುದು ಅಲ್ಲಿಗೆ. ಬಲಿತ ಗೊನೆ ಇದ್ದರೆ ಬೆಲೆಗೆ ಕಾಯದೆ ಕಡಿಯಿರಿ.

ನಮ್ಮ ಕಡೆ ಆಲೆಮನೆಯವರಿಗೂ ಇದೇ ಚಿಂತೆ. ಒಲೆಗೆ ಹಾಕುವ ಕಬ್ಬಿನ ಸಿಪ್ಪೆ ಬಯಲಲ್ಲಿ ಒಣಗುತ್ತಿದೆ, ಒಂದು ಸಲ ನೆನೆದರೆ ಎರಡು ದಿನ ಒಲೆ ಹತ್ತುವುದಿಲ್ಲ. ಟಾರ್ಪಾಲು ಈಗಲೇ ತಂದಿಟ್ಟುಕೊಳ್ಳಿ ಅಂತ ಹೇಳಿದ್ದೇನೆ.

ಹುಳುಮನೆ_ಮಳವಳ್ಳಿ

ನಮ್ಮ ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದಿವೆ. ಈ ಹಂತದಲ್ಲಿ 24, 25 ಡಿಗ್ರಿ ಬೇಕು. ಶೀಟ್ ಮನೆ, ಮಧ್ಯಾಹ್ನ ಒಳಗೆ 34 ತೋರಿಸುತ್ತಿದೆ. ಸೊಪ್ಪು ಹಾಕಿದ ಅರ್ಧ ಗಂಟೆಗೆ ಬಾಡುತ್ತದೆ. ಮಳೆ ಬಂದರೆ ತಂಪಾಗುತ್ತದೆ ಅಂತ ಕಾಯುತ್ತಿದ್ದೇನೆ, ಆದರೆ ಮಳೆ ಬಂದರೆ ಸೊಪ್ಪು ನೆನೆಯುತ್ತದೆ. ಎರಡು ಕಡೆಯಿಂದಲೂ ಭಯ.

ಹಳೆರೀಲರ್_ಮಂಡ್ಯ

ಅಕ್ಕ, ಕಿಟಕಿಗೆ ಗೋಣಿ ತಾಟು ಕಟ್ಟಿ ನೀರು ಹನಿಯುವ ಹಾಗೆ ಮಾಡಿ, ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ ಬೆಳಿಗ್ಗೆ ಹನ್ನೊಂದಕ್ಕೇ ನೀರು ಚಿಮುಕಿಸಿ. ಬುಧವಾರದವರೆಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಗಾಳಿ ಒಣಗಿದೆ, ನೀರು ಬೇಗ ಆರಿ ತಂಪು ಕೊಡುತ್ತದೆ. ಗುರುವಾರದಿಂದ ತೇವ ಹೆಚ್ಚಾದ ಮೇಲೆ ಇದೇ ಗೋಣಿ ತಾಟಿನಿಂದ ತಂಪು ಸಿಗುವುದಿಲ್ಲ, ಒಳಗೆ ಮುಗ್ಗು ಮಾತ್ರ ಜಾಸ್ತಿ. ಆಗ ಗೋಣಿ ತೆಗೆದು ಗಾಳಿ ಆಡಲು ಬಿಡಿ. ಗುರುವಾರ ಬೆಳಿಗ್ಗೆಯೇ ಒಂದು ದಿನಕ್ಕೆ ಆಗುವಷ್ಟು ಸೊಪ್ಪು ಕೊಯ್ದು ಒದ್ದೆ ಬಟ್ಟೆ ಮುಚ್ಚಿ ನೆರಳಲ್ಲಿ ಇಡಿ. ನೆನೆದ ಸೊಪ್ಪನ್ನು ಏನೇ ಆದರೂ ಹಾಕಬೇಡಿ, ಸಪ್ಪೆ ರೋಗ ಬಂದರೆ ಇಡೀ ಚಾಕಿಯ (ಮರಿ ಹುಳು ಸಾಕಿದ) ಶ್ರಮ ಮಣ್ಣು. ಹಾಸಿಗೆ ಒದ್ದೆ ಅನ್ನಿಸಿದರೆ ಸುಣ್ಣದ ಪುಡಿ ಉದುರಿಸಿ.

ಹುಳುಮನೆ_ಮಳವಳ್ಳಿ

ಗೋಣಿ ತಾಟು ತೆಗೆಯಬೇಕು ಅನ್ನುವುದು ನನಗೆ ಗೊತ್ತೇ ಇರಲಿಲ್ಲ ಅಣ್ಣ. ಹೋದ ಬೆಳೆಯಲ್ಲಿ ಮಳೆ ದಿನವೂ ನೆನೆಸುತ್ತಲೇ ಇದ್ದೆ.

ಭತ್ತದಗದ್ದೆ_ಕೆರಗೋಡು (ಮಂಗಳವಾರ)

ಬೇಸಿಗೆ ಭತ್ತ ಕೊಯ್ಲಿಗೆ ಬಂದಿದೆ. ಕೊಯ್ಲು ಯಂತ್ರದವರು ಶುಕ್ರವಾರ ಬರುತ್ತೇನೆ ಅನ್ನುತ್ತಿದ್ದಾರೆ, ಅದಕ್ಕೆ ಮುಂಚೆ ಆಗಲ್ಲವಂತೆ. ಕಾಯಲೋ, ಬೇರೆಯವರನ್ನು ನೋಡಲೋ? ಬೇರೆಯವರು ಗಂಟೆಗೆ ಜಾಸ್ತಿ ಕೇಳುತ್ತಿದ್ದಾರೆ.

ಮಳೆಅಳತೆ_ಶ್ರೀರಂಗಪಟ್ಟಣ

ನನ್ನ ಗದ್ದೆಯಾಗಿದ್ದರೆ ಜಾಸ್ತಿ ಕೊಟ್ಟು ಬುಧವಾರವೇ ಕೊಯ್ಯಿಸುತ್ತಿದ್ದೆ. ಶುಕ್ರವಾರ ಮಳೆ ನಿಮ್ಮ ಗದ್ದೆಗೆ ಬೀಳದೆಯೂ ಇರಬಹುದು, ಆ ಸಾಧ್ಯತೆಯೇ ಹೆಚ್ಚು. ಆದರೆ ಬಿದ್ದರೆ ಪೈರು ಮಲಗುತ್ತದೆ, ನೆಲ ಕೆಸರಾಗಿ ಯಂತ್ರ ಒಂದು ವಾರ ಇಳಿಯುವುದಿಲ್ಲ, ತೆನೆಯಲ್ಲೇ ಮೊಳಕೆ ಬರುತ್ತದೆ. ಗಂಟೆಗೆ ಕೊಡುವ ಹೆಚ್ಚಿನ ದುಡ್ಡನ್ನೂ ಈ ನಷ್ಟವನ್ನೂ ತೂಗಿ ನೋಡಿ.

ವಿಮೆ ಮಾಡಿಸಿದ್ದೀರಾ? ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲಿನಂಥ ಸ್ಥಳೀಯ ಹಾನಿ ಆದರೆ 72 ಗಂಟೆಯೊಳಗೆ ತಿಳಿಸಬೇಕು. ಕೊಯ್ದು ಗದ್ದೆಯಲ್ಲಿ ಹರಡಿದ ಬೆಳೆಗೆ 14 ದಿನದವರೆಗೆ ರಕ್ಷಣೆ ಇದೆ. ಫೋಟೊ ತೆಗೆದು ಇಟ್ಟುಕೊಳ್ಳಿ. ನನ್ನ ಪರಿಚಯದ ಒಬ್ಬರು ನಾಲ್ಕನೇ ದಿನ ಹೋದರು, ಆಗಲ್ಲ ಅಂದರು. ಆ ಮನುಷ್ಯ ಅತ್ತುಬಿಟ್ಟರು.

ಭತ್ತದಗದ್ದೆ_ಕೆರಗೋಡು

ಆಗಲಿ ಅಣ್ಣ. ನಾಳೆಗೇ ಹೇಳಿದೆ.

ನಾಲೆಬಯಲು_ಮಂಡ್ಯ

ಈ ಮಳೆ ಚೆನ್ನಾಗಿ ಬಂದರೆ ಕನ್ನಂಬಾಡಿಗೆ (ಕೆಆರ್‌ಎಸ್ ಅಣೆಕಟ್ಟೆಗೆ) ನೀರು ಏರುತ್ತದೆಯೇ? ನಾಲೆಗೆ ಇನ್ನೊಂದು ಕಟ್ಟು ನೀರು ಬಿಡಬಹುದಾ?

ಓದುವಹುಡುಗ_ಮೈಸೂರು

ಇಲ್ಲಿನ ಗುಡುಗು ಮಳೆಯಿಂದ ಕೆಆರ್‌ಎಸ್ ತುಂಬುವುದಿಲ್ಲ ಸಾರ್. ಅದಕ್ಕೆ ಭಾಗಮಂಡಲ, ತಲಕಾವೇರಿ ಕಡೆ ಮುಂಗಾರು ಬೀಳಬೇಕು, ಹೇಮಾವತಿ, ಲಕ್ಷ್ಮಣತೀರ್ಥ ಹರಿಯಬೇಕು. ನಾವು ಪಶ್ಚಿಮ ಘಟ್ಟದ ಮಳೆ ನೆರಳಲ್ಲಿದ್ದೇವೆ. ಜೂನ್, ಜುಲೈನಲ್ಲಿ ಕೊಡಗಿನಲ್ಲಿ ಹಗಲಿರುಳು ಸುರಿಯುವಾಗ ನಮ್ಮಲ್ಲಿ ಮಬ್ಬು, ತುಂತುರು ಅಷ್ಟೇ. ನಮ್ಮ ಮಳೆ ಬರುವುದು ಎರಡು ಸಲ, ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಇನ್ನೊಮ್ಮೆ. ಅಣೆಕಟ್ಟೆ ತುಂಬುವ ಕಾಲವೇ ಬೇರೆ, ಹೊಲ ನೆನೆಯುವ ಕಾಲವೇ ಬೇರೆ. 2025 ರಲ್ಲಿ ಮುಂಗಾರು ಮೇ 24 ಕ್ಕೇ ಕೇರಳಕ್ಕೆ ಬಂತು, ಕೆಆರ್‌ಎಸ್ ಜೂನ್ ಕೊನೆಗೇ 124.80 ಅಡಿ, ಅಂದರೆ ಪೂರ್ತಿ ತುಂಬಿದ ಮಟ್ಟ, ಮುಟ್ಟಿತು. ಹಾಗೆ ಆಗುವುದು ಅಪರೂಪ.

ನಾಲೆಬಯಲು_ಮಂಡ್ಯ

ಸರಿ. ಆದರೂ ನಾಲೆ ಬಯಲಿನ ನಮಗೂ ಒಂದು ಹದ ಮಳೆ ಬಂದರೆ ಬೋರ್‌ವೆಲ್ ಓಡಿಸುವುದು ನಾಲ್ಕು ದಿನ ತಪ್ಪುತ್ತದೆ.

ರಾಗಿಹೊಲ_ನಾಗಮಂಗಲ

ನಮಗೆ ಹದ ಮಳೆಯೇ ಜೀವ. ಮೇ ತಿಂಗಳ ಮೊದಲ ಹದಕ್ಕೆ ಎಳ್ಳು, ಅಲಸಂದೆ ಚೆಲ್ಲಬೇಕು. ಎಷ್ಟು ಬಿದ್ದರೆ ಬಿತ್ತಬಹುದು, ಅಳೆಯುವುದು ಹೇಗೆ?

ಮಳೆಅಳತೆ_ಶ್ರೀರಂಗಪಟ್ಟಣ

ನೇರ ಗೋಡೆಯ ಡಬ್ಬ ಒಂದನ್ನು ಮರ, ಸೂರು ಹತ್ತಿರ ಇಲ್ಲದ ಬಯಲಲ್ಲಿ ಇಡಿ. ನಿಂತ ನೀರಿಗೆ ಸ್ಕೇಲ್ ಇಟ್ಟರೆ ಎಷ್ಟು ಮಿಲಿಮೀಟರ್ ಇದೆಯೋ ಅಷ್ಟೇ ಮಳೆ. ಬಾಯಿ ಅಗಲ, ತಳ ಸಣ್ಣ ಇರುವ ಬಕೆಟ್ ಬೇಡ, ತಪ್ಪು ಲೆಕ್ಕ ಬರುತ್ತದೆ. ಒಂದು ಎಕರೆಗೆ ಒಂದು ಮಿಲಿಮೀಟರ್ ಅಂದರೆ ಸುಮಾರು 4,000 ಲೀಟರ್ ನೀರು. 20 ಮಿಲಿಮೀಟರ್ ಬಿದ್ದರೆ 80,000 ಲೀಟರ್, ಟ್ಯಾಂಕರಿನಲ್ಲಿ ತರಿಸಿದರೆ ಎಷ್ಟಾಗುತ್ತದೆ ನೋಡಿ.

ಆದರೆ ಡಬ್ಬ ನೋಡಿ ಬಿತ್ತಬೇಡಿ. ಜೋರಾಗಿ ಸುರಿದ ಮಳೆ ಅರ್ಧ ಹರಿದುಹೋಗುತ್ತದೆ. ಮಾರನೆ ದಿನ ಗುದ್ದಲಿಯಲ್ಲಿ ಒಂದು ಗೇಣು ಅಗೆದು ನೋಡಿ. ಅಷ್ಟು ಆಳ ಒದ್ದೆಯಾಗಿದ್ದು, ಮಣ್ಣು ಮುಷ್ಟಿಯಲ್ಲಿ ಉಂಡೆ ಕಟ್ಟಿ, ಬಿಟ್ಟರೆ ಒಡೆದರೆ ಹದ ಬಂದಿದೆ. ಮೇಲೆ ಮಾತ್ರ ಒದ್ದೆ ಇದ್ದರೆ ಉಳುಮೆ ಮಾಡಿ ಬಿಡಿ, ಬೀಜ ಹಾಕಬೇಡಿ. ನಿಮ್ಮ ಗ್ರಾಮ ಪಂಚಾಯಿತಿ ಮಟ್ಟದ ಮಳೆ ಅಂಕಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ ಸಿಗುತ್ತದೆ, ಅದನ್ನೂ ಹೋಲಿಸಿ ನೋಡಿ. ಮಂಗಳವಾರ, ಶುಕ್ರವಾರ ಮೇಘದೂತ್ ಆಪ್‌ನಲ್ಲಿ ಬೆಳೆ ಸಲಹೆ ಕನ್ನಡದಲ್ಲೇ ಬರುತ್ತದೆ.

ಶಾಲೆಮೇಷ್ಟ್ರು_ಕೆಎಂದೊಡ್ಡಿ (ಬುಧವಾರ)

ಒಂದು ವಿನಂತಿ. ಸಿಡಿಲಿನ ಬಗ್ಗೆ ಯಾರೂ ಬರೆಯಲಿಲ್ಲ. ಈ ವಾರ ಎಲ್ಲರೂ ಹೊಲದಲ್ಲಿ ಇರುತ್ತಾರೆ, ದನ ಕುರಿ ಆಚೆ ಇರುತ್ತವೆ. ಮಳೆ ಬಂತು ಅಂತ ಮರದ ಕೆಳಗೆ ನಿಲ್ಲಬೇಡಿ, ದನ ಕಟ್ಟಬೇಡಿ. ಒಂಟಿ ತೆಂಗಿನ ಮರ, ಹುಣಸೆ ಮರ ಅಂತೂ ಬೇಡವೇ ಬೇಡ. ಮಿಂಚು ಕಂಡ ಮೇಲೆ ಎಣಿಸಿ. ಮೂವತ್ತು ಎಣಿಸುವಷ್ಟರಲ್ಲಿ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗೆ ಇದೆ, ಆಗಲೇ ಗಟ್ಟಿ ಮನೆ ಸೇರಿ. ಕೊನೆ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಆಚೆ ಬರಬೇಡಿ. ಜನ ಮಳೆ ನಿಂತ ತಕ್ಷಣ ಪಂಪ್‌ಸೆಟ್ ನೋಡಲು ಓಡುತ್ತಾರೆ, ಜೀವ ಹೋಗುವುದು ಆಗ. ದಾಮಿನಿ ಆಪ್ ಹಾಕಿಕೊಂಡರೆ ಸುತ್ತಮುತ್ತ ಸಿಡಿಲು ಎಲ್ಲಿದೆ ಅಂತ ತೋರಿಸುತ್ತದೆ. ಮಕ್ಕಳಿಗೆ ರಜೆ ಬೇರೆ, ಮಾವಿನ ಕಾಯಿ ಉದುರುತ್ತದೆ ಅಂತ ಗಾಳಿ ಎದ್ದ ಕೂಡಲೇ ತೋಪಿಗೆ ಓಡುತ್ತವೆ. ಕರೆದು ಒಳಗೆ ಕೂರಿಸಿ.

ಬಾಳೆತೋಟ_ಮದ್ದೂರು

ಮೇಷ್ಟ್ರೇ, ಇದನ್ನು ನಮ್ಮ ಊರಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಅಂಚಿನ ಎರಡು ಸಾಲಿಗೆ ಗೂಟ ಕೊಟ್ಟು ಮುಗಿಯಿತು.

ಮಳೆಅಳತೆ_ಶ್ರೀರಂಗಪಟ್ಟಣ (ಗುರುವಾರ, ಮಧ್ಯಾಹ್ನ 2:30)

ಬೆಳಿಗ್ಗೆಯಿಂದ ಮೈ ಅಂಟು ಅಂಟು. ನಿನ್ನೆಗಿಂತ ಎರಡು ಡಿಗ್ರಿ ಕಡಿಮೆ ಇದ್ದರೂ ಸೆಕೆ ಜಾಸ್ತಿ, ಅಂದರೆ ತೇವ ಬಂದಿದೆ. ಈ ತಿಂಗಳಲ್ಲಿ ಎರಡು ಸಮುದ್ರದ ಗಾಳಿ ನಮ್ಮ ಒಳನಾಡಿನ ಮೇಲೆ ಬಂದು ಸೇರುತ್ತದೆ. ಸೇರುವ ಗೆರೆ ಒಂದು ದಿನ ಪೂರ್ವಕ್ಕೆ, ಒಂದು ದಿನ ಪಶ್ಚಿಮಕ್ಕೆ ಸರಿದಾಡುತ್ತದೆ, ಮಳೆಯೂ ಅದರ ಜೊತೆಗೇ ಸರಿಯುತ್ತದೆ. ಈಗ ಪಾಂಡವಪುರದ ಕಡೆ ಹೂಕೋಸಿನ ಹಾಗೆ ಮೋಡ ಮೇಲೇಳುತ್ತಿದೆ. ಒಣಗಲು ಹಾಕಿದ್ದೆಲ್ಲ ಎತ್ತಿಡಿ.

ಕಬ್ಬು_ಪಾಂಡವಪುರ (ಗುರುವಾರ, ಸಂಜೆ)

ನಾಲ್ಕೂಕಾಲಿಗೆ ಗಾಳಿ, ನಾಲ್ಕೂವರೆಗೆ ಮಳೆ. ಇಪ್ಪತ್ತು ನಿಮಿಷ ಸುರಿಯಿತು. ಡಬ್ಬದಲ್ಲಿ 17 ಮಿಲಿಮೀಟರ್. ಹೆಸರುಕಾಳಿನಷ್ಟು ಆಲಿಕಲ್ಲೂ ಬಿತ್ತು. ಕರೆಂಟ್ ಹೋಗಿದೆ. ಸಿಪ್ಪೆಗೆ ಟಾರ್ಪಾಲು ಹೊದಿಸಿದ್ದರು, ಉಳಿಯಿತು.

ನಾಲೆಬಯಲು_ಮಂಡ್ಯ

ಇಲ್ಲಿ ಗುಡುಗಿತು, ಹನಿ ಬೀಳಲಿಲ್ಲ.

ಮಳೆಅಳತೆ_ಶ್ರೀರಂಗಪಟ್ಟಣ

ನಮಗೂ ಇಲ್ಲ. ಮಣ್ಣಿನ ವಾಸನೆ ಮಾತ್ರ ಬಂತು. ತಂತಿ ಹರಿದು ಬಿದ್ದಿದ್ದರೆ ಯಾರೂ ಮುಟ್ಟಬೇಡಿ, 1912 ಕ್ಕೆ ಹೇಳಿ.

ಭತ್ತದಗದ್ದೆ_ಕೆರಗೋಡು (ಶುಕ್ರವಾರ, ರಾತ್ರಿ)

ಇವತ್ತು ಐದೂವರೆಗೆ ನಮ್ಮ ಕಡೆ ಹೊಡೆಯಿತು. ಗದ್ದೆಯಲ್ಲಿ ಹಿಮ್ಮಡಿ ಮುಳುಗುವಷ್ಟು ನೀರು. ನನ್ನ ಭತ್ತ ಬುಧವಾರವೇ ಮನೆ ಸೇರಿದೆ. ಶುಕ್ರವಾರದ ಯಂತ್ರಕ್ಕೆ ಕಾದಿದ್ದ ಪಕ್ಕದವರ ಪೈರು ಮಲಗಿದೆ, ನೋಡಿ ಬಹಳ ಸಂಕಟ ಆಯಿತು. ನಾಳೆ ನಾವು ಆರು ಜನ ಕುಡುಗೋಲು ಹಿಡಿದು ಅವರ ಗದ್ದೆಗೆ ಹೋಗುತ್ತಿದ್ದೇವೆ. ವಿಮೆಗೆ ಫೋಟೊ ತೆಗೆಸಿ, ಅವರಿಂದ ಈಗಲೇ ತಿಳಿಸಿದ್ದಾಯಿತು.

ಮಳೆಅಳತೆ_ಶ್ರೀರಂಗಪಟ್ಟಣ

ಮಧ್ಯಾಹ್ನ ಎರಡರೊಳಗೆ ಮುಗಿಸಿ ಬನ್ನಿ ಅಣ್ಣ, ನಾಳೆಯೂ ವಾತಾವರಣ ಹಾಗೇ ಇದೆ. ನೀರು, ಉಪ್ಪು ಹಾಕಿದ ಮಜ್ಜಿಗೆ ಜಾಸ್ತಿ ತೆಗೆದುಕೊಂಡು ಹೋಗಿ. ತೇವ ಇರುವ ದಿನ ಬೆವರು ಆರುವುದಿಲ್ಲ, 35 ಡಿಗ್ರಿಯಲ್ಲೂ ತಲೆ ಸುತ್ತುತ್ತದೆ.

ಹುಳುಮನೆ_ಮಳವಳ್ಳಿ (ಶನಿವಾರ)

ಗುರುವಾರವೇ ಗೋಣಿ ತಾಟು ತೆಗೆದೆ. ನಿನ್ನೆ ರಾತ್ರಿ ಒಳಗೆ 26 ಕ್ಕೆ ಇಳಿಯಿತು. ಹುಳು ಚೆನ್ನಾಗಿ ಮೇಯುತ್ತಿವೆ, ಇನ್ನು ನಾಲ್ಕು ದಿನಕ್ಕೆ ಹಣ್ಣಾಗುತ್ತವೆ (ಗೂಡು ಕಟ್ಟಲು ಸಿದ್ಧವಾಗುತ್ತವೆ). ಚಂದ್ರಿಕೆ (ಹುಳು ಗೂಡು ಕಟ್ಟುವ ತಟ್ಟೆ) ತೊಳೆದು ಬಿಸಿಲಿಗೆ ಇಡಬೇಕಿತ್ತು, ಇವತ್ತು ಮಧ್ಯಾಹ್ನದವರೆಗೆ ಬಿಸಿಲು ಇರುತ್ತದೆ ಅಲ್ವಾ?

ಓದುವಹುಡುಗ_ಮೈಸೂರು

ಹನ್ನೆರಡರವರೆಗೆ ಧೈರ್ಯವಾಗಿ ಇಡಿ ಅಕ್ಕ. ಆಮೇಲೆ ಆಕಾಶ ನೋಡಿಕೊಂಡು ಇಡಿ.

ಕುವೆಂಪುನಗರ_ಅಮ್ಮ (ಭಾನುವಾರ, ರಾತ್ರಿ)

ಆರತಕ್ಷತೆ ಚೆನ್ನಾಗಿ ಆಯಿತು. ಏಳು ಗಂಟೆಗೆ ಚಾಮುಂಡಿ ಬೆಟ್ಟದ ಹಿಂದೆ ಮಿಂಚು ಕಾಣಿಸಿತು, ಗಾಳಿ ಸ್ವಲ್ಪ ಬೀಸಿತು. ಎಲ್ಲರನ್ನೂ ಊಟಕ್ಕೆ ಒಳಗೆ ಕಳಿಸಿದೆವು. ಮಳೆ ಬರಲಿಲ್ಲ.

ರಾಗಿಹೊಲ_ನಾಗಮಂಗಲ (ಸೋಮವಾರ, ಬೆಳಿಗ್ಗೆ)

ನಮಗೆ ಬಂತು. ನಿನ್ನೆ ರಾತ್ರಿ ಹತ್ತೂವರೆಗೆ ಶುರುವಾಗಿ ಒಂದು ಗಂಟೆ ಹೊತ್ತು, ಗಾಳಿ ಇಲ್ಲದೆ ನಿಧಾನವಾಗಿ. ನಾನು ಹೆಂಡತಿ ಇಬ್ಬರೂ ಜಗುಲಿ ಮೇಲೆ ಕೂತು ನೋಡುತ್ತಿದ್ದೆವು. ಈಗ ಡಬ್ಬ ನೋಡಿದೆ, 24 ಮಿಲಿಮೀಟರ್. ಗುದ್ದಲಿಯಲ್ಲಿ ಅಗೆದೆ, ಗೇಣಿಗಿಂತ ಕೆಳಗೂ ಒದ್ದೆ ಇದೆ, ಮಣ್ಣು ಉಂಡೆ ಕಟ್ಟುತ್ತಿದೆ. ಎತ್ತು ಹೂಡಿ ಹೊರಟೆ. ಅಲಸಂದೆ ಬೀಜ ಮನೆಯಲ್ಲಿದೆ, ಎಳ್ಳು ಮೂರು ಸೇರು ಬೇಕು. ನಾಗಮಂಗಲ, ಬೆಳ್ಳೂರು ಸುತ್ತಮುತ್ತ ಯಾರ ಹತ್ತಿರ ಇದ್ದರೂ ಇವತ್ತೇ ಹೇಳಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.